ಸಮುದ್ರತೀರದ ವಿಹಾರಕ್ಕೂ ಒಂದು ಖಾತೆ ಇರಲಿ

ದೀಪಾವಳಿಯ ಪಾಡ್ಯದಂದು ನಮ್ಮ ಭಾಗದ ವರ್ತಕರು ಹೊಸ ಖಿರ್ದಿ ಪುಸ್ತಕಕ್ಕೆ ಕುಂಕುಮವಿಟ್ಟು ಪೂಜಿಸಿ ವರ್ಷದ ಲೆಕ್ಕವನ್ನು ಆರಂಭಿಸುತ್ತಾರೆ. ಆ ಪುಸ್ತಕದಲ್ಲಿ ಅಂಗಡಿ ಬಾಡಿಗೆಗೆ ಒಂದು ಖಾತೆ, ಆಳುಗಳ ಪಗಾರಕ್ಕೆ ಒಂದು ಖಾತೆ, ಬಡ್ಡಿಗೆ ಒಂದು ಖಾತೆ, ಧರ್ಮಾದಾಯಕ್ಕೂ ಒಂದು ಖಾತೆ ಇರುತ್ತದೆ. ಕುಟುಂಬದ ವಿಹಾರಕ್ಕೆ ಮಾತ್ರ ಖಾತೆ ಇರುವುದಿಲ್ಲ. ಹಾಗೆಂದು ಆ ಖರ್ಚು ಆಗದೇ ಉಳಿಯುವುದೂ ಇಲ್ಲ. ಡಿಸೆಂಬರ್ ಬಂತೆಂದರೆ ಐನಾಪುರ, ಕಾಗವಾಡ, ಉಗಾರ, ಅಥಣಿಗಳಿಂದ ಕಾರುಗಳು ಚಿಕ್ಕೋಡಿ, ಬೆಳಗಾವಿ ಮಾರ್ಗವಾಗಿ ಚೋರ್ಲಾ ಘಾಟಿನತ್ತ ಸಾಗುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಹಿಂದಿನ ತಲೆಮಾರು ಯಾತ್ರೆಗೆ ಹೋದರೆ ಧರ್ಮಶಾಲೆಯಲ್ಲಿ ಇಳಿದುಕೊಂಡು ಬುತ್ತಿ ಬಿಚ್ಚುತ್ತಿತ್ತು. ಇಂದಿನ ತಲೆಮಾರು ಈಜುಕೊಳವಿರುವ ವಿಲ್ಲಾವನ್ನೂ ಕಡಲಿಗೆ ಮುಖ ಮಾಡಿದ ಊಟದ ಮೇಜನ್ನೂ ಬಯಸುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷದಲ್ಲಿ ಮುನ್ನೂರು ದಿನಕ್ಕೂ ಮಿಕ್ಕಿ ಗಲ್ಲೆಯ ಮುಂದೆ ಕುಳಿತವನಿಗೆ ನಾಲ್ಕು ದಿನ ಸಮುದ್ರದ ಗಾಳಿ ಸೇವಿಸುವ ಹಕ್ಕಿದೆ. ಆದರೆ ಆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳುವುದಿಲ್ಲ. ಸದಸ್ಯ ಬಾಂಧವರ ಮುಂದೆ ಇಂದು ಅದೇ ಪ್ರಶ್ನೆಯನ್ನು ಇಡಬಯಸುತ್ತೇನೆ.

ಉಪದೇಶಕ್ಕೆ ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಮನೆಯವರು ಹಾಗೂ ಸಾಂಗಲಿಯ ಬೀಗರ ಮನೆಯವರು ಸೇರಿ ಗೋವೆಗೆ ಹೋಗುವುದೆಂದು ನಿಶ್ಚಯವಾಯಿತು. ನನ್ನದು ಕೃಷಿ ಉಪಕರಣಗಳ ಅಂಗಡಿ. ಆ ವರ್ಷ ಗಿರಾಕಿಗಳಿಗೆ ಕಬ್ಬಿನ ಬಿಲ್ಲು ತಡವಾಗಿದ್ದುದರಿಂದ ನನ್ನ ಉದ್ರಿ ವಸೂಲಾಗಿರಲಿಲ್ಲ. ಮಾತು ಕೊಟ್ಟಾಗಿದೆ ಎಂದು ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ಹಣ ತೆಗೆದು ಹೋಗಿ ಬಂದೆವು. ಜನವರಿಯ ಮೊದಲ ವಾರದಲ್ಲಿ ನನಗೆ ಕುಂಟೆ, ನೇಗಿಲಿನ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪಿನ ಹಿರಿಯರೊಬ್ಬರು ಅಂಗಡಿಗೆ ಬಂದು ಬಾಕಿನ ಮೇಲೆ ಕುಳಿತರು. ಅವರ ಮೂರು ತಿಂಗಳ ಬಿಲ್ಲು ನನ್ನಲ್ಲಿ ಬಾಕಿ ಇತ್ತು. ಅವರು ಅದರ ಮಾತೆತ್ತಲಿಲ್ಲ. ಚಹಾ ಕುಡಿದು, “ಸಾವ್ಕಾರ್ರ, ಗೋವಾದಾಗ ಹವಾ ಹೆಂಗಿತ್ರೀ?” ಎಂದಷ್ಟೇ ಕೇಳಿ ಎದ್ದು ಹೋದರು. ಅವರು ಸಿಟ್ಟಿನಿಂದ ಹಣ ಕೇಳಿದ್ದರೆ ನಾನು ಏನಾದರೊಂದು ಸಬೂಬು ಹೇಳುತ್ತಿದ್ದೆ. ಆ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ. ನಾನು ಸಮುದ್ರದ ದಂಡೆಯಲ್ಲಿ ಖರ್ಚು ಮಾಡಿದ್ದು ನನ್ನ ಹಣವಾಗಿರಲಿಲ್ಲ, ಅವರದಾಗಿತ್ತು.

ಇದು ಕೇವಲ ಮನಸ್ಸಾಕ್ಷಿಯ ಮಾತಲ್ಲ, ಕಾನೂನಿನ ಮಾತೂ ಹೌದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಕಲಂ 15ರ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮದವರಿಗೆ, ಲಿಖಿತ ಕರಾರು ಏನೇ ಇದ್ದರೂ, 45 ದಿನಗಳನ್ನು ಮೀರಿ ಹಣ ಉಳಿಸಿಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತೆರಬೇಕೆಂದು ಕಲಂ 16 ಹೇಳುತ್ತದೆ. 2023-24ರ ಆರ್ಥಿಕ ವರ್ಷದಿಂದ ಆದಾಯ ತೆರಿಗೆಯಲ್ಲಿಯೂ ಇದಕ್ಕೆ ಪೂರಕವಾದ ನಿಯಮ ಬಂದಿದ್ದು, ಅವಧಿ ಮೀರಿದ ಇಂತಹ ಬಾಕಿಯನ್ನು ಪಾವತಿ ಮಾಡಿದ ವರ್ಷದಲ್ಲಿಯೇ ಖರ್ಚೆಂದು ತೋರಿಸಬೇಕಾಗುತ್ತದೆ. ಅತ್ತ, 1966ರ ಕಬ್ಬು (ನಿಯಂತ್ರಣ) ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಬೇಕು. ಕಬ್ಬಿನ ಬಿಲ್ಲು ತಡವಾದಾಗ ನಾವು ಆ ನಿಯಮವನ್ನು ಗಟ್ಟಿಯಾಗಿ ಉಚ್ಚರಿಸುತ್ತೇವೆ. ನಮಗಿಂತ ಸಣ್ಣವರಿಗೆ ನಾವೇ ಬಾಕಿದಾರರಾದಾಗ ಮೊದಲನೆಯ ಕಾಯಿದೆಯನ್ನು ಮರೆಯುತ್ತೇವೆ.

ಹಾಗಾದರೆ ವಿಹಾರವನ್ನೇ ಬಿಡಬೇಕೆ? ಖಂಡಿತ ಬೇಡ. ಹೊಸ ಯಂತ್ರ ಕೊಳ್ಳುವಾಗ ಹೇಗೆ ದರಪಟ್ಟಿ ತರಿಸಿ, ತೆರಿಗೆ ಕೂಡಿಸಿ, ಹಣದ ಮೂಲವನ್ನು ನಿಶ್ಚಯಿಸಿ ಮುಂದುವರಿಯುತ್ತೇವೆಯೋ ಹಾಗೆಯೇ ವಿಹಾರವನ್ನೂ ಯೋಜಿಸಬೇಕು. ಈ ಕುರಿತು ಕೆಲವು ವಿಚಾರಗಳನ್ನು ಮುಂದಿಡುತ್ತೇನೆ.

ವಸತಿ: ವಿಲ್ಲಾವೋ, ಕೋಣೆಗಳೋ?

ಎರಡು ಕುಟುಂಬಗಳ ಎಂಟು ಜನ ಮೂರು ರಾತ್ರಿ ತಂಗುವರೆಂದು ಇಟ್ಟುಕೊಳ್ಳೋಣ. ಇಲ್ಲಿ ಕೊಡುವ ದರಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು, ತೆರಿಗೆಯ ಪ್ರಮಾಣ ಮಾತ್ರ ನಿಜವಾದದ್ದು. ನಾಲ್ಕು ಮಲಗುವ ಕೋಣೆಗಳ ವಿಲ್ಲಾಕ್ಕೆ ದಿನಕ್ಕೆ 20,000 ರೂ. ಬಾಡಿಗೆಯಾದರೆ ಮೂರು ದಿನಕ್ಕೆ 60,000 ರೂ. ಆಗುತ್ತದೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ದರಗಳ ಪ್ರಕಾರ ದಿನಬಾಡಿಗೆ 7,500 ರೂ. ಮೀರದ ಕೋಣೆಗೆ ಶೇ. 5, ಮೀರಿದರೆ ಶೇ. 18. ಇಡೀ ವಿಲ್ಲಾವನ್ನು ಒಂದೇ ಘಟಕವಾಗಿ ಬಾಡಿಗೆಗೆ ಪಡೆದಾಗ ಬೀಳುವ ತೆರಿಗೆ 10,800 ರೂ. ಅದೇ 20,000 ರೂ.ಗಳಿಗೆ ಹೋಟೆಲಿನಲ್ಲಿ ತಲಾ 5,000 ರೂ.ಗಳ ನಾಲ್ಕು ಕೋಣೆಗಳನ್ನು ಹಿಡಿದರೆ ತೆರಿಗೆ ಕೇವಲ 3,000 ರೂ. ಬಾಡಿಗೆ ಒಂದೇ, ಆದರೆ ತೆರಿಗೆಯಲ್ಲಿ 7,800 ರೂ.ಗಳ ಅಂತರ. ಸರಕಿನ ಬಿಲ್ಲಿನಲ್ಲಿ ಪೈಸೆಯನ್ನೂ ಬಿಡದೆ ನೋಡುವ ನಾವು ವಸತಿಯ ಬಿಲ್ಲಿನಲ್ಲಿ ಇದನ್ನು ಗಮನಿಸುವುದೇ ಇಲ್ಲ.

ವಿಲ್ಲಾದ ಮುಂಗಡ ಹಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಚಿತ್ರಗಳನ್ನು ತೋರಿಸಿ ಹಣ ಪಡೆದು ಕಣ್ಮರೆಯಾಗುವವರು ಎಲ್ಲ ಪ್ರವಾಸಿ ತಾಣಗಳಲ್ಲಿಯೂ ಇದ್ದಾರೆ. ಗೋವೆಯಲ್ಲಿ 1982ರ ಪ್ರವಾಸೋದ್ಯಮ ವ್ಯಾಪಾರ ನೋಂದಣಿ ಕಾಯಿದೆಯಂತೆ ಹೋಟೆಲು, ಅತಿಥಿಗೃಹಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಸಂಸ್ಥೆಯ ಹೆಸರಿನ ಖಾತೆಗೆ ಮಾತ್ರ ಹಣ ಕಳುಹಿಸಿ, ಯಾರದೋ ವೈಯಕ್ತಿಕ ಮೊಬೈಲ್ ಸಂಖ್ಯೆಗೆ ಬೇಡ. ಬುಕಿಂಗ್ ರದ್ದು ಮಾಡಿದರೆ ಎಷ್ಟು ಮರಳುತ್ತದೆ, ಠೇವಣಿ ಯಾವಾಗ ವಾಪಸಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಹೊಸ ಗಿರಾಕಿಗೆ ಉದ್ರಿ ಕೊಡುವ ಮುನ್ನ ನಾವು ಮಾಡುವ ವಿಚಾರಣೆಯನ್ನೇ ಇಲ್ಲಿಯೂ ಮಾಡಿದರೆ ಸಾಕು.

ಊಟೋಪಚಾರ

ಊಟದ ತೆರಿಗೆಯಲ್ಲಿಯೂ ಎರಡು ದರಗಳಿವೆ. ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದಾದರೂ ಕೋಣೆಯನ್ನು ದಿನಕ್ಕೆ 7,500 ರೂ.ಗಿಂತ ಹೆಚ್ಚಿನ ದರಕ್ಕೆ ಕೊಟ್ಟ ಹೋಟೆಲಿನ ಆವರಣದಲ್ಲಿ ಉಂಡರೆ ಶೇ. 18, ಹೊರಗಿನ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಉಂಡರೆ ಶೇ. 5. ಮೂರು ದಿನದ ಊಟಕ್ಕೆ 36,000 ರೂ. ಎಂದು ಹಿಡಿದರೆ ಮೊದಲನೆಯ ಕಡೆ ತೆರಿಗೆ 6,480 ರೂ., ಎರಡನೆಯ ಕಡೆ 1,800 ರೂ. ಒಂದು ಸಂಜೆ ದೊಡ್ಡ ಹೋಟೆಲಿನಲ್ಲಿ ಉಂಡು ಉಳಿದ ಹೊತ್ತು ಹೊರಗೆ ಉಂಡರೂ ಸಂತೋಷಕ್ಕೆ ಕೊರತೆಯಾಗದು. ಮೀನು, ಸಿಗಡಿಯ ಕೆಲವು ಖಾದ್ಯಗಳಿಗೆ ದರಪಟ್ಟಿಯಲ್ಲಿ ಬೆಲೆಯ ಬದಲು ‘ಗಾತ್ರಕ್ಕೆ ತಕ್ಕಂತೆ’ ಎಂದು ಬರೆದಿರುತ್ತಾರೆ. ಅಂತಹ ಕಡೆ ತೂಕ ಮತ್ತು ಬೆಲೆಯನ್ನು ಮೊದಲೇ ಕೇಳುವುದು ಅವಮಾನವಲ್ಲ. ಬಿಲ್ಲಿಗೆ ತಾನಾಗಿ ಸೇವಾ ಶುಲ್ಕ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಬಡಿಸಿದವರಿಗೆ ಸಂತೋಷದಿಂದ ಏನಾದರೂ ಕೊಡುವುದು ಬೇರೆ ಮಾತು.

ನಮ್ಮ ಭಾಗದಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವ ಜೈನ ಕುಟುಂಬಗಳು ಬಹಳ. ಸಸ್ಯಾಹಾರದ ಮನೆಗಳೂ ಸಾಕಷ್ಟಿವೆ. ಇಂತಹವರಿಗೆ ಅಡುಗೆಮನೆಯಿರುವ ವಿಲ್ಲಾ ನಿಜವಾದ ಅನುಕೂಲ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳು ಜೊತೆಗಿದ್ದರೆ ಎರಡು ಹೊತ್ತಿನ ಉಪಾಹಾರ ಸುಲಭವಾಗಿ ಸಾಗುತ್ತದೆ, ತೆರಿಗೆಯಲ್ಲಿ ಹೋದದ್ದರ ಒಂದು ಪಾಲು ಅಡುಗೆಮನೆಯಲ್ಲಿ ಮರಳುತ್ತದೆ. ಆದರೆ ಉಳಿತಾಯದ ಹೆಸರಿನಲ್ಲಿ ಮನೆಯ ಹೆಣ್ಣುಮಕ್ಕಳನ್ನು ಅಲ್ಲಿಯೂ ಒಲೆಯ ಮುಂದೆ ನಿಲ್ಲಿಸುವುದಾದರೆ ಅದು ಅವರ ಪಾಲಿಗೆ ವಿಹಾರವೇ ಅಲ್ಲ. ಮೂರು ದಿನಕ್ಕೆ ಅಡುಗೆಯವರನ್ನು ಗೊತ್ತುಮಾಡಿ ಅವರ ಕೂಲಿಯನ್ನು ಊಟದ ಬಾಬಿನಲ್ಲಿಯೇ ಸೇರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾಲವೇ ಹಣ

ಮೇಲಿನ ಲೆಕ್ಕವನ್ನು ಕೂಡಿಸೋಣ. ವಿಲ್ಲಾ ತೆರಿಗೆ ಸಹಿತ 70,800 ರೂ. ಊಟ ಶೇ. 5ರ ತೆರಿಗೆ ಸಹಿತ 37,800 ರೂ. ಎರಡು ವಾಹನಗಳ ಇಂಧನ, ಟೋಲ್ ಇತ್ಯಾದಿ 20,000 ರೂ. ಒಟ್ಟು 1,28,600 ರೂ. ಅನಿರೀಕ್ಷಿತ ಖರ್ಚಿಗೆಂದು ಇದರ ಹತ್ತನೆಯ ಒಂದು ಭಾಗವಾದ 12,860 ರೂ. ಸೇರಿಸಿದರೆ 1,41,460 ರೂ. ಆಯಿತು. ಒಂದು ಕುಟುಂಬದ ಪಾಲು 70,730 ರೂ. ತಿಂಗಳಿಗೆ ಸುಮಾರು 5,900 ರೂ.ಗಳಂತೆ ಹನ್ನೆರಡು ತಿಂಗಳು ಎತ್ತಿಟ್ಟರೆ ಈ ಮೊತ್ತ ಕೈಯಲ್ಲಿರುತ್ತದೆ.

ಈಗ ಅದೇ ವಿಲ್ಲಾವನ್ನು ಹೊಸ ವರ್ಷದ ಜನಜಂಗುಳಿಯಲ್ಲಿ ಇಮ್ಮಡಿ ಬಾಡಿಗೆಗೆ ಹಿಡಿದೆವೆನ್ನಿ. ಬಾಡಿಗೆ 1,20,000 ರೂ., ತೆರಿಗೆ 21,600 ರೂ. ಎರಡೂ ಸೇರಿ 1,41,600 ರೂ. ಅಂದರೆ ಬೇರೆ ಸಮಯದಲ್ಲಿ ಇಡೀ ಪ್ರವಾಸಕ್ಕೆ ತಗಲುವ ಹಣ ಇಲ್ಲಿ ಬರಿಯ ಸೂರಿಗೆ ಹೋಯಿತು. ಸುಗ್ಗಿಯಲ್ಲಿ ಅಗ್ಗವಾಗಿ ಕೊಂಡು ಅಭಾವದಲ್ಲಿ ಮಾರುವುದನ್ನು ಬಲ್ಲ ವರ್ತಕನು ತನ್ನ ವಿಹಾರವನ್ನು ಮಾತ್ರ ಅತ್ಯಂತ ತುಟ್ಟಿಯ ದಿನದಂದೇ ಕೊಳ್ಳುವುದು ವಿಚಿತ್ರವಲ್ಲವೇ?

ನಮ್ಮ ವ್ಯಾಪಾರದ ಚಕ್ರವೂ ಇದನ್ನೇ ಹೇಳುತ್ತದೆ. ಕಬ್ಬು ನುರಿಸುವ ಹಂಗಾಮಿನ ಮುನ್ನ ನಮ್ಮ ಹಣವೆಲ್ಲ ಸರಕಿನಲ್ಲಿಯೂ ಉದ್ರಿಯಲ್ಲಿಯೂ ಇರುತ್ತದೆ. ಹಂಗಾಮು ಆರಂಭವಾಗಿ ರೈತರಿಗೆ ಬಿಲ್ಲು ಬಂದ ಮೇಲೆಯೇ ಪೇಟೆಯಲ್ಲಿ ಹಣ ಓಡಾಡುತ್ತದೆ. ಸಂಕ್ರಾಂತಿ ಕಳೆದ ನಂತರದ ವಾರಗಳಲ್ಲಿ, ಶನಿವಾರ ಭಾನುವಾರಗಳನ್ನು ಬಿಟ್ಟು ಹೊರಟರೆ, ಕೈಯಲ್ಲಿ ವಸೂಲಿಯೂ ಇರುತ್ತದೆ, ತೀರದಲ್ಲಿ ಜನಜಂಗುಳಿಯೂ ಇಳಿದಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವವರು ದಸರೆಯ ರಜೆಯನ್ನೇ ಆಯ್ದುಕೊಳ್ಳಬೇಕಾಗಬಹುದು. ಆಗ ಅಂಗಡಿಯಲ್ಲಿ ಹಣದ ಬಿಗಿ ಇರುವುದರಿಂದ ತಿಂಗಳು ತಿಂಗಳು ಎತ್ತಿಟ್ಟ ಖಾತೆಯೇ ಆಧಾರ. ಇನ್ನು ಗೋವೆಯೇ ಆಗಬೇಕೆಂದೇನೂ ಇಲ್ಲ. ನಮ್ಮದೇ ರಾಜ್ಯದ ಹೊನ್ನಾವರ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳು 2020ರಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದವು. ಗೋಕರ್ಣ, ಕಾರವಾರ, ಮುರುಡೇಶ್ವರಗಳೂ ಇವೆ. ಎರಡು ಕಡೆಯ ದರ ತರಿಸದೆ ಯಂತ್ರ ಕೊಳ್ಳದ ನಾವು ಇಲ್ಲಿಯೂ ಎರಡು ಕಡೆಯ ದರ ತರಿಸಬಹುದು.

ಹಣದ ಮೂಲ

ವಿಹಾರದ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಪಡೆದು ವ್ಯಾಪಾರದ ಖರ್ಚಿನಲ್ಲಿ ಬರೆಯುವ ಅಭ್ಯಾಸ ಕೆಲವರಲ್ಲಿದೆ. ಇದು ಸಲ್ಲದು. ಸ್ವಂತ ಖರ್ಚನ್ನು ಆದಾಯ ತೆರಿಗೆ ಕಾನೂನು ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ. ವೈಯಕ್ತಿಕ ಬಳಕೆಯ ಸೇವೆಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆಂದು ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 17(5) ಹೇಳುತ್ತದೆ. ವಿಹಾರದ ಹಣ ಲಾಭದಿಂದ, ಮನೆ ಖರ್ಚಿನ ಖಾತೆಯ ಮೂಲಕ, ತೆರಿಗೆ ಕಳೆದು ಬರಬೇಕು. ಕ್ಯಾಶ್ ಕ್ರೆಡಿಟ್ ಇರುವುದು ದುಡಿಯುವ ಬಂಡವಾಳಕ್ಕೆ. ಅದರಿಂದ ತೆಗೆದ ವಿಹಾರದ ಹಣ ದುಡಿಯುವುದೂ ಇಲ್ಲ, ಮರಳುವುದೂ ಇಲ್ಲ. ಬಡ್ಡಿ ಮಾತ್ರ ಪ್ರತಿ ತಿಂಗಳು ತಪ್ಪದೆ ಬೀಳುತ್ತದೆ.

ಇನ್ನೊಂದು ಮಾತು. ಕೃಷ್ಣೆಯ ದಂಡೆಯವರಾದ ನಾವು 2019ರ ಆಗಸ್ಟ್ ತಿಂಗಳ ಮಹಾಪೂರವನ್ನೂ 2020ರ ಮಾರ್ಚ್ ತಿಂಗಳ ಲಾಕ್‌ಡೌನನ್ನೂ ಕಂಡವರು. ಬಾಗಿಲು ಮುಚ್ಚಿದ ಆ ದಿನಗಳಲ್ಲಿಯೂ ಪಗಾರ ಮತ್ತು ಬಡ್ಡಿ ನಿಲ್ಲಲಿಲ್ಲ. ಕನಿಷ್ಠ ಮೂರು ತಿಂಗಳ ಅಂಗಡಿ ಖರ್ಚು ಬೇರೆಯಾಗಿ ಇರದ ವರ್ಷದಲ್ಲಿ ವಿಲ್ಲಾವನ್ನು ಮುಂದಿನ ವರ್ಷಕ್ಕೆ ಬಿಡುವುದೇ ವಿವೇಕ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ.

ಆದ್ದರಿಂದ ಹೊರಡುವ ಮುನ್ನ ಪ್ರತಿಯೊಬ್ಬ ಸದಸ್ಯನೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ ಎಂಬುದು ನನ್ನ ವಿನಂತಿ. 45 ದಿನ ಮೀರಿದ ಸಣ್ಣವರ ಬಿಲ್ಲು ನನ್ನಲ್ಲಿ ಬಾಕಿ ಇದೆಯೇ? ಆಳುಗಳ ಪಗಾರ ತೀರಿದೆಯೇ? ಈ ಹಣ ವಿಹಾರಕ್ಕೆಂದೇ ಎತ್ತಿಟ್ಟದ್ದೇ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಅತ್ಯುತ್ತಮ ವಿಲ್ಲಾವನ್ನೇ ಹಿಡಿಯಿರಿ, ಮನಸ್ಸಿಗೆ ಬಂದದ್ದನ್ನು ಉಣ್ಣಿರಿ, ಯಾರಿಗೂ ಅಂಜಬೇಕಾಗಿಲ್ಲ. ನಮ್ಮ ವಾಣಿಜ್ಯ ಸಂಸ್ಥೆಯೂ ಜನವರಿ-ಫೆಬ್ರುವರಿಯಲ್ಲಿ ಹತ್ತಾರು ಸದಸ್ಯ ಕುಟುಂಬಗಳ ಪರವಾಗಿ ಒಟ್ಟಾಗಿ ದರ ಕುದುರಿಸಿದರೆ ಎಲ್ಲರಿಗೂ ಲಾಭವಾದೀತು. ಕಾರ್ಯಕಾರಿ ಸಮಿತಿ ಇದನ್ನು ಪರಿಶೀಲಿಸಲಿ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಜನವರಿಯಲ್ಲಿಯೇ ವರ್ಕ್‌ಶಾಪಿನ ಹಿರಿಯರ ಬಿಲ್ಲನ್ನು ತೀರಿಸಿದೆ. ಮುಂದಿನ ಪಾಡ್ಯದಂದು ಹೊಸ ಪುಸ್ತಕದಲ್ಲಿ ಧರ್ಮಾದಾಯದ ಪುಟದ ಮುಂದೆ ಇನ್ನೊಂದು ಪುಟ ತೆರೆದು ‘ವಿಹಾರ ಖಾತೆ’ ಎಂದು ಬರೆದೆ. ಈಚೆಗೆ ನಾವು ಕಡಲತೀರಕ್ಕೆ ಹೋಗಿ ಬಂದಾಗ ಅದೇ ಹಿರಿಯರು ಬಂದು ಹವೆಯ ವಿಚಾರ ಕೇಳಿದರು. ಈ ಸಲ ಎದುರಿಗೆ ಕುಳಿತು, ಚಹಾ ತರಿಸಿ, ನಿಧಾನವಾಗಿ ಎಲ್ಲವನ್ನೂ ಹೇಳಿದೆ.