ಗೃಹವಿಜ್ಞಾನ: ನೀರಹನಿಯ ಕೆಳಗಿನ ಕಬ್ಬಿಣ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ತೂಗುಮಂಚದ ಸರಪಳಿಯ ಕೊಂಡಿಯೊಂದು, ಮಕ್ಕಳು ಕುಳಿತಿದ್ದಾಗಲೇ ತುಂಡಾಯಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಆ ವರ್ಷವೇ ಅದಕ್ಕೆ ಬಣ್ಣ ಬಳಿದಿದ್ದೆನು. ಹೊರಗೆ ತುಕ್ಕಿನ ಸುಳಿವು ಅಷ್ಟಾಗಿ ಇರಲಿಲ್ಲ. ಆದರೆ ಕೊಂಡಿಗೆ ಕೊಂಡಿ ತಗಲುವ ಸಂದಿನಲ್ಲಿ ಕಬ್ಬಿಣವು ಹುಳು ತಿಂದಂತೆ ಹೊಂಡಬಿದ್ದು ಅರ್ಧಕ್ಕರ್ಧ ಸವೆದಿತ್ತು. ಗಾಳಿಗೆ ತೆರೆದಿರುವ ಎಡೆಯನ್ನು ಬಿಟ್ಟು ಮರೆಯಾದ ಎಡೆಯನ್ನೇ ತುಕ್ಕು ತಿನ್ನುವುದೇಕೆ?

ಇದನ್ನು ತಿಳಿಯಲು ಒಂದು ಉಕ್ಕಿನ ತಗಡೂ ಒಂದು ಹನಿ ಉಪ್ಪುನೀರೂ ಸಾಕು. ತಗಡನ್ನು ಮರಳುಕಾಗದದಿಂದ ಉಜ್ಜಿ, ಹನಿಯನ್ನು ಬಿಟ್ಟು, ಅದು ಆರದಂತೆ ಬಟ್ಟಲು ಕವುಚಿ, ಕೆಲವು ಗಂಟೆಗಳ ಮೇಲೆ ನೋಡಿರಿ. ತುಕ್ಕು ಹನಿಯ ನಟ್ಟನಡುವೆ ಇರದೆ ಉಂಗುರದಂತೆ ಸುತ್ತಲೂ ಕಟ್ಟಿರುವುದು. ಒರಸಿ ನೋಡಿದರೆ ಸವೆದಿರುವುದು ಮಾತ್ರ ನಡುವಣ ಭಾಗ! ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಎಂಬ ವಿದ್ವಾಂಸರು 1920ರ ದಶಕದಲ್ಲಿ ಇಂಥ ಹನಿಯಿಂದಲೇ ತುಕ್ಕಿನ ಮರ್ಮವನ್ನು ವಿಶದಪಡಿಸಿದರು.

ಹನಿಯ ಅಂಚು ತೆಳುವಾದುದರಿಂದ ಗಾಳಿಯ ಆಮ್ಲಜನಕವು ಅಲ್ಲಿಗೆ ಬೇಗನೆ ಇಳಿಯುವುದು. ನಡುವೆ ಅದು ದುರ್ಲಭ. ನಡುವಣ ಕಬ್ಬಿಣದ ಪರಮಾಣುಗಳು ತಮ್ಮ ಕೆಲವು ಎಲೆಕ್ಟ್ರಾನುಗಳನ್ನು ಲೋಹದಲ್ಲಿಯೇ ಬಿಟ್ಟು ನೀರಿನಲ್ಲಿ ಕರಗುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೆ ಅಂಚಿಗೆ ಹರಿದು, ಅಲ್ಲಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿ ಕ್ಷಾರವನ್ನುಂಟುಮಾಡುತ್ತವೆ. ಕರಗಿದ ಕಬ್ಬಿಣವೂ ಈ ಕ್ಷಾರವೂ ನಡುದಾರಿಯಲ್ಲಿ ಸಂಧಿಸಿ, ಮತ್ತಷ್ಟು ಆಮ್ಲಜನಕವನ್ನು ಹೀರಿ, ಕೆಂಪು ತುಕ್ಕಾಗುತ್ತವೆ. ಹನಿಯೊಂದು ಪುಟ್ಟ ವಿದ್ಯುತ್ಕೋಶವೇ ಸರಿ. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಸಾಗುವುದರಿಂದ ಕೆಲಸ ಇನ್ನೂ ಬೇಗ ನಡೆಯುವುದು. ಉಪ್ಪು ಹತ್ತಿದ ಈಳಿಗೆಯನ್ನು ತೊಳೆಯದೆ ಇಟ್ಟರೆ ಮರುದಿನ ಕೆಂಪಾಗುವುದನ್ನು ನಮ್ಮ ಗೃಹಿಣಿಯರು ಬಲ್ಲರು.

ಸರಪಳಿಯ ಸಂದೂ ಹನಿಯ ನಡುವಿನಂತೆಯೇ. ಅಲ್ಲಿ ನೀರು ನಿಲ್ಲುತ್ತದೆ, ಗಾಳಿ ಸಾಲದು. ಹಳೆಯ ತುಕ್ಕಿನ ಪದರವಾದರೂ ಕಬ್ಬಿಣವನ್ನು ಕಾಯುವುದಿಲ್ಲ. ಸಡಿಲವಾಗಿ, ರಂಧ್ರಮಯವಾಗಿ, ತೇವವನ್ನು ಹಿಡಿದಿಡುತ್ತದೆ. ಆದಕಾರಣ ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು (ನಾನು ಮಾಡಿದ್ದೂ ಅದನ್ನೇ) ಕಣ್ಣಿಗೆ ಮಾತ್ರ ಹಿತ. ಮೊದಲು ತುಕ್ಕನ್ನು ಕೆರೆದು, ತೇವವಾರಿಸಿ, ಅನಂತರ ಬಳಿಯಬೇಕು. ಸಂದುಗಳಿಗೆ ಗ್ರೀಸು ಸವರಬೇಕು. ಸತುವಿನ ಲೇಪವುಳ್ಳ ಸರಪಳಿ ಇನ್ನೂ ಮೇಲು. ಲೇಪದಲ್ಲಿ ಗೀರುಬಿದ್ದರೂ ಸತುವು ತಾನೇ ಮೊದಲು ಕರಗಿ, ಬಹುಕಾಲ ಕಬ್ಬಿಣವನ್ನು ಉಳಿಸುತ್ತದೆ.

ಅಂಥದೊಂದನ್ನೇ ತಂದು ಕಟ್ಟಿದ್ದೇವೆ. ಆದರೂ ತಿಂಗಳಿಗೊಮ್ಮೆ ಕೊಂಡಿಗಳನ್ನು ಸರಿಸಿ ಸಂದುಗಳನ್ನು ಪರೀಕ್ಷಿಸುವ ಕೆಲಸವನ್ನು ಮನೆಯಾಕೆ ನನ್ನ ಪಾಲಿಗೇ ಬಿಟ್ಟಿದ್ದಾಳೆ.