ದೋಸೆ ಹಿಟ್ಟಿನ ನ್ಯಾಯ ವೈನಿಗೂ ಇರಲಿ

ಕಾಲೇಜು ಬಿಟ್ಟ ಮೇಲೆ ನಾವು ಐವರು ಒಟ್ಟಿಗೆ ಸೇರುವುದು ವರ್ಷಕ್ಕೊಮ್ಮೆ. ಈ ಸಲ ಸೇರಿದ್ದು ದೊಡ್ಡಬಳ್ಳಾಪುರದ ಹತ್ತಿರ, ನಮ್ಮಲ್ಲೇ ಒಬ್ಬನ ಮನೆಯ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಲಿಯಾನ್‌ನಲ್ಲಿ ಕೆಲಸದಲ್ಲಿರುವ ಗೆಳತಿ ರಜೆಗೆ ಬರುವಾಗ ಒಂದು ಬಾಟಲಿ ಕೆಂಪು ವೈನ್ ತಂದಿದ್ದಳು. ಲಿಯಾನ್‌ನ ಉತ್ತರಕ್ಕಿರುವ ಬೋಜೊಲೆ ಸೀಮೆಯ ಮೊರ್ಗೊನ್ ಭಾಗದ್ದು, ಗಾಮೆ ಎಂಬ ಕಪ್ಪು ದ್ರಾಕ್ಷಿಯದು. "ಇದು ನ್ಯಾಚುರಲ್ ವೈನ್. ದ್ರಾಕ್ಷಿ ಬಿಟ್ರೆ ಇದ್ರಲ್ಲಿ ಏನೂ ಇಲ್ಲ" ಅಂದಳು. ಪತ್ರಿಕೋದ್ಯಮ ಓದಿದವರಿಗೆ ಇಂಥ ಮಾತು ಕೇಳಿದರೆ ಮೊದಲು ಬರುವುದು ಅನುಮಾನವೇ.

ವೈನ್ ಗ್ಲಾಸು ಮನೆಯಲ್ಲಿರಲಿಲ್ಲ. ಗಾಜಿನ ಕಾಫಿ ಲೋಟಕ್ಕೇ ಬಗ್ಗಿಸಿದೆವು. ಅಂಗಡಿಯ ವೈನಿನಂತೆ ಅದು ಹೊಳೆಯಲಿಲ್ಲ. ಸ್ವಲ್ಪ ಕದಡಿದಂತಿತ್ತು, ಬಾಟಲಿಯ ತಳದಲ್ಲಿ ಗಷ್ಟು ಕೂತಿತ್ತು. ಗೆಳೆಯನ ಅಮ್ಮ ಕುಡಿಯುವವರಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಕಣ್ರೋ" ಅಂದು ಒಳಗೆ ಹೋದರು. ಮೊದಲ ಗುಟುಕು ನಮಗೂ ಅಷ್ಟಾಗಿ ಹಿಡಿಸಲಿಲ್ಲ. ಹತ್ತು ನಿಮಿಷ ಗಾಳಿಗೆ ಬಿಟ್ಟ ಮೇಲೆ ಆ ವಾಸನೆ ಇಳಿಯಿತು. ನೇರಳೆ ಹಣ್ಣಿನಂಥ ಒಗರು, ನಾಲಿಗೆಯ ಅಂಚಿಗೆ ತಾಗುವ ಹುಳಿ, ಸಿಹಿ ಮಾತ್ರ ಇಲ್ಲವೇ ಇಲ್ಲ. ಮೂವರಿಗೆ ಇಷ್ಟವಾಯಿತು. ಉಡುಪಿ ಕಡೆಯವನು ಮಾತ್ರ "ನಮ್ಮ ಪುನರ್ಪುಳಿ ಶರಬತ್ತೇ ವಾಸಿ ಮಾರಾಯ" ಅಂದ.

ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ದೋಸೆ ಹಿಟ್ಟಿಗೆ ಯಾರೂ ಯೀಸ್ಟ್ ಕೊಂಡು ತಂದು ಹಾಕುವುದಿಲ್ಲ. ಅಕ್ಕಿ, ಉದ್ದಿನಲ್ಲಿರುವ ಸೂಕ್ಷ್ಮಜೀವಿಗಳೇ ಬೆಳಗಾಗುವುದರೊಳಗೆ ಹಿಟ್ಟನ್ನು ಉಬ್ಬಿಸುತ್ತವೆ. ನ್ಯಾಚುರಲ್ ವೈನಿನ ಲೆಕ್ಕವೂ ಅದೇ. ದ್ರಾಕ್ಷಿ ಸಿಪ್ಪೆಯ ಮೇಲೆ, ವೈನ್ ಮಾಡುವ ನೆಲಮಾಳಿಗೆಯಲ್ಲಿ ತಾನಾಗಿ ಇರುವ ಯೀಸ್ಟೇ ರಸದ ಸಕ್ಕರೆಯನ್ನು ಆಲ್ಕೋಹಾಲ್ ಮಾಡಬೇಕು. ಕೊಂಡ ಯೀಸ್ಟ್ ಹಾಕುವಂತಿಲ್ಲ, ಸಕ್ಕರೆ ಬೆರೆಸುವಂತಿಲ್ಲ, ಹುಳಿ ಸಾಲದೆಂದು ಆಮ್ಲ ಸುರಿಯುವಂತಿಲ್ಲ. ಕೆಡದಿರಲೆಂದು ಸೇರಿಸುವ ಸಲ್ಫೈಟ್ ಕೂಡ ಇಲ್ಲ, ಇದ್ದರೆ ಚೂರೇ ಚೂರು.

ಈ ದಾರಿ ಗಟ್ಟಿಯಾದದ್ದೂ ಬೋಜೊಲೆಯಲ್ಲೇ. ಅಲ್ಲಿನ ಜೂಲ್ ಶೋವೆ ವೈನ್ ವ್ಯಾಪಾರಿ, ಜೊತೆಗೆ ರಸಾಯನಶಾಸ್ತ್ರ ಬಲ್ಲವರು. ಸಲ್ಫೈಟ್ ಇಲ್ಲದೆ ವೈನ್ ಮಾಡುವುದು ಹೇಗೆಂದು ವರ್ಷಗಟ್ಟಲೆ ಪ್ರಯೋಗ ಮಾಡಿದರು. 1980ರ ದಶಕದಲ್ಲಿ ಮೊರ್ಗೊನ್‌ನ ಬೆಳೆಗಾರ ಮಾರ್ಸೆಲ್ ಲಾಪಿಯೇರ್ ಮತ್ತು ಅವರ ಜೊತೆಗಾರರು ಅದನ್ನು ತಮ್ಮ ತೋಟಗಳಲ್ಲಿ ನಡೆಸಿ ತೋರಿಸಿದರು. ಏನನ್ನೂ ಸೇರಿಸದೆ ವೈನ್ ಮಾಡಬೇಕಾದರೆ ಹಣ್ಣು ಚೊಕ್ಕವಾಗಿರಬೇಕು. ಗೊಂಚಲನ್ನು ಕೈಯಲ್ಲೇ ಕೊಯ್ದು, ಕೊಳೆತದ್ದನ್ನು ಆರಿಸಿ ಎಸೆಯಬೇಕು. ಅಂದರೆ ವೈನಿನ ಅರ್ಧ ಕೆಲಸ ತೋಟದಲ್ಲೇ ಮುಗಿಯಬೇಕು.

ಇಷ್ಟು ಹೇಳುವಾಗ ಗೆಳೆಯನ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಅವರದು ಬೆಂಗಳೂರು ಬ್ಲೂ ತೋಟ. 2013ರಲ್ಲಿ ಜಿಐ ಮಾನ್ಯತೆ ಪಡೆದ ತಳಿ, ಜ್ಯೂಸಿಗೂ ಹೋಗುತ್ತದೆ, ವೈನಿಗೂ ಹೋಗುತ್ತದೆ. "ಅಲ್ಲಿ ಔಷಧಿ ಹೊಡೆಯಲ್ವಾ?" ಎಂದು ಕೇಳಿದರು. ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಕಲಸಿ ನಮ್ಮವರು ಹೊಡೆಯುವ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದಲೇ ಬಂದದ್ದು. ಅಲ್ಲಿನ ಸಾವಯವ ತೋಟಗಳಲ್ಲೂ ತಾಮ್ರ, ಗಂಧಕಕ್ಕೆ ಮಿತಿಯೊಳಗೆ ಅವಕಾಶವಿದೆ. ಆಗ ಅವರು ಹೇಳಿದ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ: "ಜಾಸ್ತಿ ಹೊಡೆದ್ರೂ ಅದೇ ರೇಟು, ಕಮ್ಮಿ ಹೊಡೆದ್ರೂ ಅದೇ ರೇಟು. ನಮ್ ಹಣ್ಣು ಯಾವ ಬಾಟ್ಲಿಗೆ ಹೋಯ್ತು ಅಂತ ನಮ್ಗೇ ಗೊತ್ತಾಗಲ್ಲ."

ನಮ್ಮ ತಕರಾರು ಇರುವುದು ಇಲ್ಲೇ. ನ್ಯಾಚುರಲ್ ಅನ್ನುವ ಪದವನ್ನು ಅಂಗಡಿಯವರು ಸಲೀಸಾಗಿ ಎತ್ತಿಕೊಳ್ಳುತ್ತಾರೆ, ಅದರ ಕಷ್ಟ ಮಾತ್ರ ತೋಟದವರದ್ದು. ಫ್ರಾನ್ಸಿನಲ್ಲಿ 2020ರಲ್ಲಿ ಬೆಳೆಗಾರರ ಸಂಘಟನೆಯೊಂದು ಈ ಪದಕ್ಕೆ ಗಡಿ ಹಾಕಿತು. ಹಣ್ಣು ಪ್ರಮಾಣೀಕೃತ ಸಾವಯವ ಆಗಿರಬೇಕು, ಕೈಯಲ್ಲಿ ಕೊಯ್ದಿರಬೇಕು, ಯೀಸ್ಟ್ ಸಹಜವಾಗಿರಬೇಕು, ಸಲ್ಫೈಟ್ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಐರೋಪ್ಯ ಒಕ್ಕೂಟದಲ್ಲಿ 2023ರ ಡಿಸೆಂಬರ್‌ನಿಂದ ಹೊಸದಾಗಿ ತಯಾರಾಗುವ ವೈನಿನಲ್ಲಿ ಏನೇನಿದೆ ಎಂದು ತಿಳಿಸುವುದೂ ಕಡ್ಡಾಯ. ನಮ್ಮ ಬಾಟಲಿಗಳ ಮೇಲೂ ಸೇರಿಸಿದ್ದರ ಪಟ್ಟಿ ಬರಲಿ, ಅದರ ಪಕ್ಕದಲ್ಲಿ ಹಣ್ಣು ಬೆಳೆದ ಊರಿನ ಹೆಸರೂ ಬರಲಿ. ಔಷಧಿ ಕಡಿಮೆ ಮಾಡಿ, ಬೆಳೆ ಹೋಗುವ ಭಯವನ್ನು ಮೈಮೇಲೆ ಹಾಕಿಕೊಂಡ ರೈತನಿಗೆ ಕಿಲೋಗೆ ನಾಲ್ಕು ಕಾಸು ಹೆಚ್ಚು ಸಿಗಲಿ. ಅಷ್ಟಾಗದೆ ನ್ಯಾಚುರಲ್ ಅಂದರೆ ಅದು ಬರೀ ಬಾಟಲಿಗೆ ಅಂಟಿಸಿದ ಚೀಟಿ.

ಇನ್ನೊಂದು ಮಾತನ್ನೂ ಹೇಳಬೇಕು. ನ್ಯಾಚುರಲ್ ಅಂದ ಮಾತ್ರಕ್ಕೆ ಇದು ಆರೋಗ್ಯದ ಕಷಾಯ ಆಗುವುದಿಲ್ಲ. ಹುದುಗುವಾಗ ಯೀಸ್ಟೇ ಒಂದಿಷ್ಟು ಸಲ್ಫೈಟ್ ಹುಟ್ಟಿಸುತ್ತದೆ. ಆಲ್ಕೋಹಾಲ್ ಅಂತೂ ಇದ್ದೇ ಇರುತ್ತದೆ, ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಕೆಟ್ಟ ವೈನನ್ನು "ನ್ಯಾಚುರಲ್ ಅಂದ್ರೆ ಹೀಗೇ ಇರೋದು" ಎಂದು ದಾಟಿಸುವವರೂ ಇದ್ದಾರೆ. ನಾವು ಉಳಿಸಿಟ್ಟ ಕಾಲು ಬಾಟಲಿ ಮೂರನೇ ದಿನಕ್ಕೆ ವಿನೆಗರ್ ಕಡೆಗೆ ವಾಲಿತ್ತು. ಕಾಪಾಡುವ ಸಲ್ಫೈಟ್ ಬೇಡ ಅಂದಮೇಲೆ ಅದಕ್ಕೂ ತಯಾರಿರಬೇಕು.

ಅಮ್ಮನಿಗೆ ಮೂಸಿದ ಕೂಡಲೇ ಇದು ತಾನಾಗಿ ಹುದುಗಿದ್ದು ಎಂದು ಗೊತ್ತಾಯಿತು. ಎಲ್ಲರಿಗೂ ಅಂಥ ಮೂಗು ಇರುವುದಿಲ್ಲ. ಉಳಿದ ನಮ್ಮಂಥವರಿಗಾಗಿ ಬಾಟಲಿಯೇ ನಿಜ ಹೇಳಲಿ. ತನ್ನ ಹಣ್ಣು ಯಾವ ಬಾಟಲಿಗೆ ಹೋಯಿತು ಎಂದು ಆ ಅಪ್ಪನಿಗೂ ಗೊತ್ತಾಗಲಿ.