ಕೈಯಾಡುವ ಮಾತೂ ಮಾತೇ!



ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು 'ಹಿಂದಿಯಲ್ಲಿ ಹೇಳಿ' ಎಂದರೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ನಮ್ಮ ನೆಲದಲ್ಲಿ ನಮ್ಮ ದುಡ್ಡು ತೆಗೆಯಲು ಪರಭಾಷೆಯ ಅಪ್ಪಣೆ ಯಾಕೆ ಬೇಕು? ಆದರೆ ಅದೇ ಸಾಲಿನಲ್ಲಿ ನಮ್ಮ ಬೆನ್ನ ಹಿಂದೆ ಒಬ್ಬ ಕಿವುಡ ಕನ್ನಡಿಗ ನಿಂತಿದ್ದಾನೆ ಎಂದುಕೊಳ್ಳಿ. ಅವನಿಗೆ ಹಿಂದಿಯೂ ಕೇಳಿಸದು, ಇಂಗ್ಲಿಷೂ ಕೇಳಿಸದು, ನಾವು ಗೆದ್ದು ತಂದ ಕನ್ನಡವೂ ಕೇಳಿಸದು. ಅವನ ಮಾತು ಕೈಯಲ್ಲಿದೆ. ಆ ಮಾತು ಬಲ್ಲವರು ಎಷ್ಟು ಬ್ಯಾಂಕುಗಳಲ್ಲಿದ್ದಾರೆ? ಎಷ್ಟು ಪೊಲೀಸ್ ಠಾಣೆಗಳಲ್ಲಿ, ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿದ್ದಾರೆ? ನಮಗೆ ಒಂದು ದಿನ ಆಗುವ ಅವಮಾನ ಅವನಿಗೆ ದಿನನಿತ್ಯದ ಊಟ.

'ಪಾಪ' ಎಂದು ಹೇಳಿ ಮುಂದೆ ಹೋಗಬೇಡಿ. ಇದು ಪಾಪದ ಪ್ರಶ್ನೆಯಲ್ಲ, ಭಾಷೆಯ ಪ್ರಶ್ನೆ. ನಮ್ಮದೇ ಪ್ರಶ್ನೆ.

ಸ್ವಲ್ಪ ಚರಿತ್ರೆ ನೋಡೋಣ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ದೊಡ್ಡ ಸಮ್ಮೇಳನ ನಡೆಯಿತು. ಸೇರಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ! ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿ ಮಾತೇ ಸಾಕು ಎಂದು ಅವರು ತೀರ್ಮಾನಿಸಿದರು. ಆಮೇಲೆ ಎಷ್ಟೋ ದೇಶಗಳ ಶಾಲೆಗಳಲ್ಲಿ, ಕೈಯಾಡಿಸಿದ ತಪ್ಪಿಗೆ ಕಿವುಡ ಮಕ್ಕಳು ಏಟು ತಿಂದರು. ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ಕಾನ್ವೆಂಟುಗಳು ನಮಗೆ ಗೊತ್ತಿಲ್ಲವೇ? ಅದೇ ರೋಗ, ಅದೇ ಅಹಂಕಾರ. ಮಿಲಾನಿನ ತೀರ್ಮಾನ ತಪ್ಪು ಎಂದು ಅದೇ ಪರಂಪರೆಯ ಸಮ್ಮೇಳನ ಕೆನಡಾದ ವ್ಯಾಂಕೂವರಿನಲ್ಲಿ ವಿಷಾದ ಹೇಳಿದ್ದು 2010ರಲ್ಲಿ. 130 ವರ್ಷ ಬೇಕಾಯಿತು!

ಈ ಅನ್ಯಾಯಕ್ಕೆ ಕಾನೂನಿನ ಉತ್ತರ ಬಂದದ್ದು ವಿಶ್ವಸಂಸ್ಥೆಯಿಂದ. 2006ರ ಡಿಸೆಂಬರ್ 13ರಂದು ಅದು ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಎರಡನೇ ವಿಧಿ ಭಾಷೆ ಎಂದರೇನು ಎಂದು ವಿವರಿಸುತ್ತದೆ. ಬಾಯಲ್ಲಿ ಆಡುವುದೂ ಭಾಷೆ, ಕೈಯಲ್ಲಿ ಆಡುವುದೂ ಭಾಷೆ. 21ನೇ ವಿಧಿ ಸನ್ನೆ ಭಾಷೆಯನ್ನು ಸರ್ಕಾರಗಳು ಮಾನ್ಯ ಮಾಡಿ ಬೆಳೆಸಬೇಕು ಎನ್ನುತ್ತದೆ. 24ನೇ ವಿಧಿ ಶಾಲೆಯಲ್ಲಿ ಅದನ್ನು ಕಲಿಯಲು ಅನುವು ಮಾಡಿಕೊಡಬೇಕು ಎನ್ನುತ್ತದೆ. 30ನೇ ವಿಧಿ ಕಿವುಡರ ಸಂಸ್ಕೃತಿಗೂ ಮನ್ನಣೆ ಕೊಡುತ್ತದೆ. ಈ ಒಡಂಬಡಿಕೆಯ ಹಿಂದಿದ್ದ ಅಂಗವಿಕಲರ ಚಳವಳಿಯ ಘೋಷಣೆ ಏನು ಗೊತ್ತೇ? ನಮ್ಮನ್ನು ಬಿಟ್ಟು ನಮ್ಮ ವಿಷಯ ತೀರ್ಮಾನಿಸಬೇಡಿ! ದೆಹಲಿಯತ್ತ ಮುಖ ಮಾಡಿ ನಾವು ಕನ್ನಡಿಗರು ಕೂಗುತ್ತಾ ಬಂದಿರುವುದೂ ಇದನ್ನೇ ಅಲ್ಲವೇ?

ಸಹಿಗೆ ತೆರೆದ ಮೊದಲ ದಿನವೇ, 2007ರ ಮಾರ್ಚ್ 30ರಂದು, ಭಾರತ ಸಹಿ ಹಾಕಿತು. ಅದೇ ವರ್ಷ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಅದನ್ನು ಜಾರಿಗೆ ತರಲೆಂದೇ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಬಂತು. 1995ರ ಹಳೆಯ ಕಾಯಿದೆಯಲ್ಲಿ 7 ಬಗೆಯ ಅಂಗವಿಕಲತೆ ಮಾತ್ರ ಇತ್ತು, ಈಗ 21. ಸರ್ಕಾರಿ ಕೆಲಸದ ಮೀಸಲಾತಿ ಶೇ. 3ರಿಂದ ಶೇ. 4ಕ್ಕೆ ಏರಿತು. 17ನೇ ಕಲಂ ಸನ್ನೆ ಭಾಷೆ, ಬ್ರೈಲ್ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ನೇಮಿಸಬೇಕು ಎನ್ನುತ್ತದೆ. 42ನೇ ಕಲಂ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿ ಸಿಗಬೇಕು ಎನ್ನುತ್ತದೆ.

'ಇದೆಲ್ಲ ದೆಹಲಿಯ ವಿಷಯ, ನಮ್ಮದೇನಿದೆ' ಎಂದು ವಿಧಾನಸೌಧದವರು ಕೈ ತೊಳೆದುಕೊಳ್ಳುವಂತಿಲ್ಲ. ಒಡಂಬಡಿಕೆಯ 4ನೇ ವಿಧಿ ಒಕ್ಕೂಟ ದೇಶಗಳ ಎಲ್ಲ ಭಾಗಗಳಿಗೂ, ಯಾವ ವಿನಾಯಿತಿಯೂ ಇಲ್ಲದೆ ಅನ್ವಯಿಸುತ್ತದೆ. ಅಂದರೆ ಬೀದರ್‌ನಿಂದ ಚಾಮರಾಜನಗರದವರೆಗೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿಗೆ ಕಿವಿಯ ತೊಂದರೆ, ಇನ್ನು 2 ಲಕ್ಷಕ್ಕೂ ಹೆಚ್ಚು ಮಂದಿಗೆ ಕಣ್ಣಿನ ತೊಂದರೆ. ಇವರು ಕನ್ನಡಿಗರಲ್ಲವೇ? ನಮ್ಮ ಬಾವುಟದ ಕೆಳಗೆ ಇವರಿಗೆ ಜಾಗ ಇಲ್ಲವೇ?

ಕೆಲವರು ಕೇಳಬಹುದು: ಸನ್ನೆ ಭಾಷೆ ಬೆಳೆದರೆ ಕನ್ನಡಕ್ಕೇನು ಲಾಭ? ಗೆಳೆಯರೇ, ಕಿವಿ ಕೇಳದ ಮಗುವಿಗೆ ಎಳವೆಯಲ್ಲೇ ಒಂದು ಭಾಷೆ ಪೂರ್ತಿಯಾಗಿ ದಕ್ಕಬೇಕು. ಅದು ಕೈಯ ಭಾಷೆ. ಅದು ಗಟ್ಟಿಯಾದರೆ ಅದರ ಮೂಲಕ ಕನ್ನಡ ಓದಬಹುದು, ಬರೆಯಬಹುದು. ಮೊದಲ ಭಾಷೆಯನ್ನೇ ಕಸಿದುಕೊಂಡರೆ ಕನ್ನಡವೂ ಬರುವುದಿಲ್ಲ, ಇನ್ನೊಂದೂ ಬರುವುದಿಲ್ಲ. ದೆಹಲಿಯಲ್ಲಿ 2015ರಲ್ಲಿ ಹುಟ್ಟಿದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ಕೋಶ ಹೊರತಂದಿತು. ಒಳ್ಳೆಯದೇ. ಆದರೆ ನಮ್ಮ ಶಾಲೆಗಳಲ್ಲಿ ಆ ಸನ್ನೆಯ ಪಕ್ಕದಲ್ಲಿ ಕನ್ನಡದ ಪದ ಇರಬೇಕು. ನಮ್ಮ ಊರುಗಳ ಕಿವುಡರು ತಾವೇ ಕಟ್ಟಿಕೊಂಡ ಸನ್ನೆಗಳೂ ಉಳಿಯಬೇಕು. ಈ ಬೇಡಿಕೆ ಇಡುವವರು ಕನ್ನಡ ಸಂಘಟನೆಗಳಲ್ಲದೆ ಮತ್ತ್ಯಾರು?

ಕಣ್ಣು ಕಾಣದವರ ಕಥೆಯೂ ಹೀಗೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಮುಂದೆ ಕೈ ಮುಗಿಯುತ್ತೇವೆ. ಆದರೆ ಇಂದಿನ ಅಂಧ ವಿದ್ಯಾರ್ಥಿ ಕಂಪ್ಯೂಟರಿನ ಓದುವ ತಂತ್ರಾಂಶ ಹಾಕಿ ಕನ್ನಡದ ಸರ್ಕಾರಿ ಆದೇಶ ತೆರೆದರೆ ಏನಾಗುತ್ತದೆ? ಅದು ಬರಿ ಫೋಟೋ ತೆಗೆದ ಪಿಡಿಎಫ್ ಆಗಿದ್ದರೆ ತಂತ್ರಾಂಶ ಮೂಕ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನದಾಗಿದ್ದರೆ ಬರುವುದು ಅರ್ಥವಿಲ್ಲದ ಗದ್ದಲ. ಅದೇ ಆದೇಶದ ಇಂಗ್ಲಿಷ್ ಪ್ರತಿ ಯೂನಿಕೋಡಿನಲ್ಲಿದ್ದರೆ ಸಲೀಸಾಗಿ ಓದುತ್ತದೆ! ಅಂದರೆ ಕನ್ನಡದ ಮಗನನ್ನು ಇಂಗ್ಲಿಷಿಗೆ ತಳ್ಳುತ್ತಿರುವುದು ನಮ್ಮದೇ ಕಚೇರಿಗಳ ಸೋಮಾರಿತನ.

ಪುಸ್ತಕಗಳ ಮಾತಿಗೆ ಬನ್ನಿ. ಅಂಧರಿಗಾಗಿ ಪುಸ್ತಕವನ್ನು ಬ್ರೈಲ್, ಧ್ವನಿ ರೂಪಕ್ಕೆ ತರಲು ಕೃತಿಸ್ವಾಮ್ಯ ಅಡ್ಡ ಬರಬಾರದು ಎಂದು 2013ರಲ್ಲಿ ಮರಾಕೇಶ್ ಒಪ್ಪಂದವಾಯಿತು. 2014ರಲ್ಲಿ ಅದನ್ನು ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಅದಕ್ಕೂ ಮೊದಲೇ, 2012ರಲ್ಲೇ, ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಆಗಿತ್ತು. ದಾರಿ ತೆರೆದಿದೆ, ನಡೆಯುವವರು ಬೇಕು. 2024ರ ತಿದ್ದುಪಡಿಯಿಂದ ನಾಮಫಲಕಗಳಲ್ಲಿ ಶೇ. 60 ಕನ್ನಡ ಗೆದ್ದೆವು. ಆ ಫಲಕ ಕಾಣದವನ ಕೈಗೆ ಯಾವ ಕನ್ನಡ ಕೊಟ್ಟೆವು?

ಬದಲಾವಣೆ ಆಗುವುದಿಲ್ಲ ಎನ್ನಬೇಡಿ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಸನ್ನೆ ಭಾಷೆಯ ದುಭಾಷಿಯ ಮೂಲಕ ತಮ್ಮ ವಾದ ಮಂಡಿಸಿದರು. ನ್ಯೂಜಿಲೆಂಡ್ 2006ರಲ್ಲಿ ತನ್ನ ಸನ್ನೆ ಭಾಷೆಯನ್ನು ಅಧಿಕೃತ ಭಾಷೆ ಮಾಡಿತು. ದಕ್ಷಿಣ ಆಫ್ರಿಕಾ 2023ರಲ್ಲಿ ತನ್ನದನ್ನು 12ನೇ ಅಧಿಕೃತ ಭಾಷೆ ಮಾಡಿತು. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಸನ್ನೆ ಭಾಷೆ ಬಾಗಿಲ ಹೊರಗೇ ನಿಂತಿದೆ.

ಇನ್ನೊಂದು ಮೋಸವನ್ನೂ ತಿಳಿದಿರಿ. ಒಡಂಬಡಿಕೆಯ ಜೊತೆಗೆ ಒಂದು ಐಚ್ಛಿಕ ಒಪ್ಪಂದವಿದೆ. ಅದನ್ನು ಒಪ್ಪಿದ ದೇಶದ ಪ್ರಜೆ, ತನ್ನ ದೇಶದಲ್ಲಿ ಎಲ್ಲ ಬಾಗಿಲು ತಟ್ಟಿಯೂ ನ್ಯಾಯ ಸಿಗದಿದ್ದರೆ, ಜಿನೀವಾದ 18 ತಜ್ಞರ ಸಮಿತಿಗೆ ನೇರವಾಗಿ ದೂರು ಕೊಡಬಹುದು. ನೂರಕ್ಕೂ ಹೆಚ್ಚು ದೇಶಗಳು ಒಪ್ಪಿವೆ. ಭಾರತ ಇದುವರೆಗೂ ಸಹಿ ಹಾಕಿಲ್ಲ. ಮಾತು ಕೊಡುವುದಕ್ಕೆ ಮುಂದೆ, ಲೆಕ್ಕ ಕೊಡುವುದಕ್ಕೆ ಹಿಂದೆ!

ಹಾಗಾದರೆ ನಾವೇನು ಮಾಡಬೇಕು? ಮೊದಲು, ನಿಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ಕಿವುಡರಿಗೆ, ಅಂಧರಿಗೆ ಸದಸ್ಯತ್ವ ಕೊಡಿ. ವೇದಿಕೆಯ ಮೇಲೆ ಶಾಲು ಹೊದಿಸಿ ಕಳಿಸುವುದಲ್ಲ, ಸಮಿತಿಯಲ್ಲಿ ಕೂರಿಸಿ. ಈ ಬಾರಿಯ ರಾಜ್ಯೋತ್ಸವದ ಭಾಷಣಕ್ಕೆ ಸನ್ನೆ ಭಾಷೆಯ ದುಭಾಷಿಯನ್ನು ಕರೆಯಿರಿ. ಸರ್ಕಾರಿ ಕಚೇರಿಗೆ ಕನ್ನಡ ಕೇಳಲು ಹೋದಾಗ ಯೂನಿಕೋಡ್ ಕನ್ನಡ ಕೇಳಿ. ಹಕ್ಕು ನಿರಾಕರಿಸಿದ ಕಡೆ 2016ರ ಕಾಯಿದೆಯಡಿ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ನಿಮ್ಮ ಶಾಸಕ, ಸಂಸದರನ್ನು ಅಡ್ಡಹಾಕಿ ಎರಡೇ ಪ್ರಶ್ನೆ ಕೇಳಿ: ಕಿವುಡ ಮಕ್ಕಳ ಶಾಲೆಗೆ ಸನ್ನೆ ಬಲ್ಲ ಶಿಕ್ಷಕರು ಯಾವಾಗ ಬರುತ್ತಾರೆ? ಐಚ್ಛಿಕ ಒಪ್ಪಂದಕ್ಕೆ ಸಹಿ ಯಾವಾಗ?

ನಮ್ಮ ಭಾಷೆಯನ್ನು ತುಳಿದವರ ವಿರುದ್ಧ ಎದ್ದವರು ನಾವು. ಇನ್ನೊಬ್ಬರ ಭಾಷೆ ತುಳಿಯುವಾಗ ಸುಮ್ಮನಿದ್ದರೆ ನಮ್ಮ ಕೂಗಿಗೆ ಏನು ಬೆಲೆ? ಬಾಯಿ ಇದ್ದವರ ಕನ್ನಡಕ್ಕೆ ಮಾತ್ರ ಹೋರಾಡಿದರೆ ಅದು ಅರ್ಧ ಹೋರಾಟ. ಪೂರ್ತಿ ಮಾಡೋಣ ಬನ್ನಿ.